ಒಂದೇ ಅವರೆ ಅಲ್ಲ: ಸೊಗಡಿನ ನಾಟಿ ಬೀಜ ಉಳಿಸ್ಕೊಳ್ಳೋದು ಯಾಕೆ ಮುಖ್ಯ?

ಡಿಸೆಂಬರ್ ಬಂತು ಅಂದ್ರೆ ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ಹುಣಸೂರು ಕಡೆಯ ಸಂತೆಗಳಲ್ಲಿ ಸೊಗಡವರೆಯದ್ದೇ ಘಮ. ಆದರೆ ಈಗ ಅವರೆಕಾಯಿ ಬೇಸಿಗೆಯಲ್ಲೂ ಸಿಗುತ್ತೆ. ಗಿರಾಕಿಗಳು ಮಾತ್ರ "ಇದರಲ್ಲಿ ಸೊಗಡೇ ಇಲ್ವಲ್ಲ" ಅಂತ ಮೂಗಿನ ಹತ್ತಿರ ಹಿಡಿದು ನೋಡಿ ವಾಪಸ್ ಇಡೋದುಂಟು. ಇದಕ್ಕೆ ಕಾರಣ ಬೀಜದಲ್ಲೇ ಇದೆ.

ಹಳೆಯ ನಾಟಿ ಅವರೆ ಹಗಲಿನ ಲೆಕ್ಕ ಇಟ್ಟುಕೊಳ್ಳೋ ಗಿಡ. ಹಗಲು ಚಿಕ್ಕದಾಗೋ ತನಕ ಹೂ ಬಿಡಲ್ಲ. ಬೇಗ ಬಿತ್ತಿದ್ರೆ ಬಳ್ಳಿ ಹಬ್ಬುತ್ತೆ ಅಷ್ಟೆ. ಅದಕ್ಕೇ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕಿ ಚಳಿಗಾಲದವರೆಗೆ ಕಾಯೋದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಂಗಿಲ್ಲ. ಯಾವ ಕಾಲದಲ್ಲಿ ಹಾಕಿದ್ರೂ ಕಾಯಿ ಕಟ್ಟುತ್ತವೆ. ರೈತರ ಕೈಗೆ ವರ್ಷವಿಡೀ ದುಡ್ಡು ಬರೋದು ಸಣ್ಣ ಮಾತಲ್ಲ. ಸೊಗಡು ಅಂದ್ರೆ ಸಿಪ್ಪೆ ಮೇಲಿನ ಎಣ್ಣೆ ಜಿಡ್ಡು. ತಳಿ ಮತ್ತು ಚಳಿ ಎರಡೂ ಕೂಡಿದ್ರೇನೇ ಅದು ಚೆನ್ನಾಗಿ ಬರೋದು.

ಅವರೆ ನಮ್ಮದೇ ಅಂತ ನಾವು ಅಂದುಕೊಂಡಿದ್ರೂ ಅದರ ತವರು ಆಫ್ರಿಕಾ. ಅಲ್ಲಿ ಕಾಡು ಅವರೆ ಈಗಲೂ ಇದೆ, ವಂಶವಾಹಿಗಳ ವೈವಿಧ್ಯ ಅದರಲ್ಲೇ ಹೆಚ್ಚು. ಕಾಯಿಗೆ ಎರಡು ಬೀಜದ್ದು, ನಾಲ್ಕು ಬೀಜದ್ದು ಅಂತ ಎರಡು ಗುಂಪಿವೆ. ಇವನ್ನು ಮನುಷ್ಯ ಬೇರೆ ಬೇರೆಯಾಗಿಯೇ ಪಳಗಿಸಿದ್ದಾನೆ ಅಂತ 2023ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಹೇಳುತ್ತೆ. ಕೀನ್ಯಾದಲ್ಲಿ ಕಪ್ಪು ಕಾಳಿನ ಅವರೆಗೆ 'ಂಜಾಹಿ' ಅಂತಾರೆ, ಬಾಣಂತಿಯರಿಗೆ ಕೊಡ್ತಾರೆ. ಬಾಂಗ್ಲಾದೇಶದಲ್ಲಿ ಇದೇ ಗಿಡದ ಎಳೇ ಕಾಯಿಯನ್ನು 'ಶಿಮ್' ಅಂತ ಪಲ್ಯ ಮಾಡ್ತಾರೆ, ನಮ್ಮ ಚಪ್ಪರದವರೆ ಥರ. ಕಾಳು ಹಿತುಕಿ ಸಾರು ಮಾಡೋ ಹುಚ್ಚು ಮಾತ್ರ ನಮ್ಮ ಕಡೆಯದ್ದೇ! ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲೂ ಅವರೆ ಕಾಳು ಸಿಕ್ಕಿದೆ, ಅಂದ್ರೆ ಇಲ್ಲಿಗೆ ಬಂದು ಸಾವಿರಾರು ವರ್ಷ ಆಗಿದೆ.

ಅಷ್ಟು ವರ್ಷದಲ್ಲಿ ಒಂದೊಂದು ಊರಿನ ಮಣ್ಣು, ಮಳೆಗೆ ಒಂದೊಂದು ಥರ ಒಗ್ಗಿಕೊಂಡ ಬೀಜ ಮನೆಗಳಲ್ಲಿ ಉಳಿದಿದೆ. ಎಲ್ಲರೂ ಅಂಗಡಿಯ ಒಂದೆರಡು ತಳಿಯನ್ನೇ ಹಾಕಿದ್ರೆ ಆ ಬೀಜ ಕೈ ತಪ್ಪುತ್ತೆ. ನಾಳೆ ಹೊಸ ಹುಳ, ರೋಗ ಬಂದಾಗ ತಡೆಯೋ ಗುಣ ಹುಡುಕಬೇಕಾಗೋದು ಇಂಥ ಬೀಜದಲ್ಲೇ. ಕೃಷಿ ವಿಶ್ವವಿದ್ಯಾಲಯದಲ್ಲಿ ಸಂಗ್ರಹ ಇದೆ ನಿಜ, ಆದ್ರೆ ಶೀತಲ ಕೋಣೆಯ ಬೀಜ ಪ್ರತಿವರ್ಷ ಹೊಲದ ಬಿಸಿಲು, ಮಂಜು ಕಾಣಲ್ಲ.

ಬೀಜಕ್ಕೆ ಬಿಡೋರು ಸೊಗಡು ಜಾಸ್ತಿ ಇರೋ ಗಿಡಗಳನ್ನು ಮೊದಲೇ ಗುರುತು ಮಾಡಿ, ಕಾಯಿ ಕೀಳದೆ ಒಣಗಲು ಬಿಡಬೇಕು. ಅವರೆಯಲ್ಲಿ ಹೆಚ್ಚಾಗಿ ಆ ಹೂವಿನ ಪರಾಗವೇ ಆ ಹೂವಿಗೆ ಸಾಕು, ಆದ್ರೂ ದುಂಬಿ, ಜೇನು ಓಡಾಡಿದ್ರೆ ಸ್ವಲ್ಪ ಬೆರಕೆ ಆಗುತ್ತೆ. ಹಾಗಾಗಿ ಹೊಸ ತಳಿಯ ಪಕ್ಕದ ಸಾಲಿಂದ ಬೀಜ ಎತ್ತಬಾರದು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿಯೋ ಕೆಮ್ಮಣ್ಣು ಕಟ್ಟಿಯೋ ಇಟ್ರೆ ಮುಂದಿನ ಬಿತ್ತನೆವರೆಗೆ ಹುಳದ ಕಾಟ ಕಡಿಮೆ.