ತೊಟ್ಟಿಲು, ಕ್ರಿಬ್ಬು ಮತ್ತು ಬಾಣಂತಿ ಕೋಣೆ

"ಆ ಕ್ರಿಬ್ ಮಾತ್ರ ತರಬೇಡಿ" ಎಂದು ಅಟ್ಲಾಂಟದಿಂದ ಮಗಳು ಫೋನಿನಲ್ಲಿ ಹೇಳಿದಾಗ ನಮಗೆ ನಿಜಕ್ಕೂ ಬೇಸರವಾಯಿತು. ಮೇರಿಲ್ಯಾಂಡಿನ ನಮ್ಮ ಬೇಸ್‌ಮೆಂಟಿನಲ್ಲಿ ಹಳೆಯ ಬೆಡ್‌ಶೀಟು ಹೊದಿಸಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದಿದ್ದ ಮರದ ಕ್ರಿಬ್ ಅದು. ೧೯೮೮ರಲ್ಲಿ ನಾವು ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿದ್ದಾಗ ಇದೇ ಮಗಳಿಗಾಗಿ ಕೊಂಡದ್ದು. ಅವಳ ನಂತರ ಅವಳ ತಮ್ಮ, ಆಮೇಲೆ ಪರಿಚಯದ ಮೂರು ಕನ್ನಡದ ಮನೆಗಳ ಮಕ್ಕಳು ಅದರಲ್ಲಿ ಮಲಗಿ ಬೆಳೆದರು. ಊರಿನಲ್ಲಿ ತೊಟ್ಟಿಲು ಮನೆಯಿಂದ ಮನೆಗೆ ಹೋಗಿಬರುತ್ತದಲ್ಲ, ಹಾಗೆ. ಹುಟ್ಟಲಿರುವ ಮೊಮ್ಮಗುವಿನ ಕೋಣೆಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇನ್ನೇನಿದೆ ಎಂದುಕೊಂಡಿದ್ದೆವು.

ಯಾಕೆ ಬೇಡ ಎಂದು ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಮಗುವಿನ ಕೋಣೆಯದೇ ಒಂದು ಚರಿತ್ರೆ. ಅದರ ಮುಖ್ಯ ಘಟನೆಗಳೆಲ್ಲ ನಾವು ಬದುಕಿದ ಊರುಗಳ ಆಸುಪಾಸಿನಲ್ಲೇ ನಡೆದಿವೆ ಎಂಬುದು ನಮಗೂ ಹೊಸ ಸಂಗತಿ.

ಮೊದಲಿಗೆ ಒಂದು ಮಾತು. 'ನರ್ಸರಿ' ಎಂದರೆ ಕನ್ನಡದವರಿಗೆ ಸಸಿ ಮಾರುವ ಜಾಗ, ಇಲ್ಲವೇ ಎಲ್‌ಕೆಜಿಗಿಂತ ಮುಂಚಿನ ತರಗತಿ. ಕೂಸಿಗೇ ಮೀಸಲಾದ ಕೋಣೆ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಬಾಣಂತಿ ಕೋಣೆ. ಹೆಸರೇ ಹೇಳುವಂತೆ ಕೋಣೆ ತಾಯಿಯದು, ಕೂಸು ಅವಳ ಮಗ್ಗುಲಲ್ಲಿ. ಅಲಂಕಾರವೆಂದರೆ ಹಾಸಲು ಕೌದಿ, ಸುತ್ತಲು ಹಳೆಯ ಸೀರೆಯ ಮೆತ್ತನೆ ಬಟ್ಟೆ, ಸಂಜೆ ಸಾಂಬ್ರಾಣಿ ಹೊಗೆ. ನಾಮಕರಣದ ದಿನ ಕೂಸನ್ನು ತೊಟ್ಟಿಲಿಗೆ ಹಾಕುತ್ತಿದ್ದರು.

ಆ ತೊಟ್ಟಿಲಿಗೆ ದೊಡ್ಡ ಪರಂಪರೆಯೇ ಇದೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಸಾಗವಾನಿ ಮರದಿಂದ ಮಾಡಿ, ಅರಗಿನ ಬಣ್ಣ ಹಚ್ಚಿ, ಸುತ್ತಲೂ ಪುರಾಣದ ಚಿತ್ರಗಳನ್ನು ಬರೆದ ತೊಟ್ಟಿಲುಗಳು ಮೂರು ನಾಲ್ಕು ತಲೆಮಾರು ಬಾಳುತ್ತವೆ. ನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಯ ಮಗುವಿಗೆಂದು ಹೇಳಿ ಮಾಡಿಸಿದ್ದು ಕಲಘಟಗಿಯ ತೊಟ್ಟಿಲನ್ನೇ. ಅದು ತಲುಪುವ ಮೊದಲೇ, ೨೦೧೮ರ ನವೆಂಬರ್ ೨೪ರಂದು, ಅವರು ತೀರಿಕೊಂಡರು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲನ್ನು ಹರಕೆಯಾಗಿ ಒಪ್ಪಿಸುವುದನ್ನು ನಮ್ಮಲ್ಲಿ ಅನೇಕರು ನೋಡಿರುತ್ತೀರಿ.

ಹಾಗಾದರೆ ಅಮೆರಿಕದವರು ಮೊದಲಿನಿಂದಲೂ ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದರೇ? ಇಲ್ಲ. ಊರಿನಿಂದ ಬಂದ ನೆಂಟರನ್ನು ನಾವೆಲ್ಲ ಕರೆದುಕೊಂಡು ಹೋಗುವ ಮೌಂಟ್ ವರ್ನನ್ನಿನಲ್ಲಿ, ಮಾರ್ಥಾ ವಾಷಿಂಗ್ಟನ್ನರ ಮೊಮ್ಮಗಳು ನೆಲ್ಲಿ ಕಸ್ಟಿಸ್ ಮಲಗುತ್ತಿದ್ದ ಕೋಣೆಯಿದೆ. ಅಲ್ಲಿರುವ ಕ್ರಿಬ್ ಅಜ್ಜಿ ಮೊಮ್ಮಗಳಿಗೆ ಕೊಟ್ಟ ಉಡುಗೊರೆ. ೧೭೯೯ರ ನವೆಂಬರ್ ೨೭ರಂದು ನೆಲ್ಲಿಗೆ ಹೆಣ್ಣುಮಗು ಹುಟ್ಟಿತು. ಹದಿನೇಳು ದಿನಗಳ ನಂತರ ಅದೇ ಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ ಕಣ್ಣುಮುಚ್ಚಿದಾಗ ಆಕೆ ಇನ್ನೂ ಹಸಿ ಬಾಣಂತಿ. ಅದೂ ಒಂದು ಬಾಣಂತಿ ಕೋಣೆಯೇ ಆಗಿತ್ತಲ್ಲವೇ!

ತಾಯಿ ಮಗುವನ್ನು ದೂರ ಮಾಡಿದ್ದು ಆಮೇಲೆ ಬಂದ 'ವಿಜ್ಞಾನ'. ೧೮೯೪ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್ ಬರೆದ ಶಿಶುಪಾಲನೆಯ ಪುಸ್ತಕ ಮಗುವನ್ನು ತೂಗುವುದೇ ಕೆಟ್ಟ ಅಭ್ಯಾಸ ಎಂದಿತು. ತೂಗುವುದು ನಿಂತ ಮೇಲೆ ತೊಟ್ಟಿಲಿಗೇನು ಕೆಲಸ? ಅದು ಅಟ್ಟ ಸೇರಿತು, ಅಲುಗದ ಕ್ರಿಬ್ ಬಂದಿತು. ಸೌತ್ ಕ್ಯಾರೊಲಿನಾದ ಟ್ರಾವೆಲರ್ಸ್ ರೆಸ್ಟ್ ಎಂಬ ಊರಿನಲ್ಲಿ ಹುಟ್ಟಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸಿನಲ್ಲಿ ಹೆಸರು ಮಾಡಿದ ಮನೋವಿಜ್ಞಾನಿ ಜಾನ್ ವಾಟ್ಸನ್ ಇನ್ನೂ ಮುಂದೆ ಹೋದ. ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂಬುದು ೧೯೨೮ರ ಅವನ ಪುಸ್ತಕದ ಉಪದೇಶ. ಅನುಕೂಲಸ್ಥರ ಮನೆಗಳಲ್ಲಿ ಕೂಸಿಗೆ ಬೇರೆ ಕೋಣೆ, ಮುಚ್ಚಿದ ಬಾಗಿಲು ರೂಢಿಯಾದವು.

೧೯೬೫ರ ವಲಸೆ ಕಾನೂನಿನ ನಂತರ ಇಲ್ಲಿಗೆ ಬಂದ ನಮ್ಮವರು ಕಾಲಿಟ್ಟದ್ದು ಇಂಥ ಅಮೆರಿಕಕ್ಕೆ. ಹೊಸದಾಗಿ ಬಂದವರಿಗೆ ಇಲ್ಲಿನವರಂತೆ ಇರಬೇಕೆಂಬ ಆಸೆ ಬೇರೆ. ನಾವೂ ಅಷ್ಟೇ, ಒಂದು ಕೋಣೆಗೆ ತಿಳಿಹಳದಿ ಬಣ್ಣ ಬಳಿದೆವು. ೧೯೦೯ರಿಂದ ಪೀಠೋಪಕರಣಗಳ ಸಂತೆ ನಡೆಸುತ್ತ ಬಂದಿರುವ ಹೈ ಪಾಯಿಂಟ್ ಪಕ್ಕದಲ್ಲೇ ಇತ್ತು. ಆ ಊರಿನಲ್ಲಿ ಡ್ರೆಸರ್ ಆಕಾರದ ಒಂದು ಕಟ್ಟಡವೇ ಇದೆ! ಕ್ರಿಬ್ಬಿಗೆ ಸುತ್ತಲೂ ಹತ್ತಿಯ ಬಂಪರ್ ಕಟ್ಟಿ, ಮಗಳನ್ನು ಡಾಕ್ಟರು ಹೇಳಿದಂತೆ ಹೊಟ್ಟೆಯ ಮೇಲೆ ಮಲಗಿಸಿದೆವು.

ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅಜ್ಜಿ ಹೌಹಾರಿದರು. "ಹಸುಗೂಸನ್ನ ಯಾರಾದ್ರೂ ಬೋರಲು ಮಲಗಿಸ್ತಾರೇನ್ರೋ? ಬೋರಲು ಬೀಳೋದು ಅದು ತಾನಾಗಿ ಕಲೀಬೇಕು" ಎಂದರು. ಕೂಸನ್ನು ಬೇರೆ ಕೋಣೆಯಲ್ಲಿ ಬಿಡುವುದಂತೂ ಅವರಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ನಾಮಕರಣದ ದಿನ ತೊಟ್ಟಿಲು ಕಟ್ಟಲು ಸೀಲಿಂಗಿನಲ್ಲಿ ಕೊಂಡಿಯಿಲ್ಲ, ತೊಲೆಯಿಲ್ಲ. ಕ್ರಿಬ್ಬಿನ ಕಾಲಿಗೆ ಚಕ್ರಗಳಿದ್ದವಲ್ಲ, ಅದನ್ನೇ ಹಿಂದೆ ಮುಂದೆ ತಳ್ಳುತ್ತ ಜೋಗುಳ ಹಾಡಿದರು. ರಾತ್ರಿ ನಾವು ಪುಸ್ತಕ ತೋರಿಸಿದೆವು, ಅವರು ಸುಮ್ಮನಾದರು. ಅವರು ಸುಮ್ಮನಾದದ್ದು ಇವತ್ತಿಗೂ ನಮ್ಮ ಮನಸ್ಸಿನಲ್ಲಿದೆ.

ಏಕೆಂದರೆ ನಾಲ್ಕೇ ವರ್ಷದಲ್ಲಿ ಪುಸ್ತಕ ಬದಲಾಯಿತು. ಬೋರಲು ಮಲಗಿದ ಶಿಶುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿದ್ದರಿಂದ, ೧೯೯೨ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ಭಂಗಿ ಬೇಡವೆಂದಿತು. ೧೯೯೪ರಲ್ಲಿ ನಮ್ಮ ಬೆಥೆಸ್ಡಾದ ಶಿಶು ಆರೋಗ್ಯ ಸಂಸ್ಥೆಯ ಮುಂದಾಳತ್ವದಲ್ಲಿ 'ಬ್ಯಾಕ್ ಟು ಸ್ಲೀಪ್' ಪ್ರಚಾರ ಶುರುವಾಯಿತು. ಹತ್ತು ವರ್ಷಗಳೊಳಗೆ ಅಂಥ ಸಾವುಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಅದೇ ಅಕಾಡೆಮಿ ೨೦೦೫ರಲ್ಲಿ, ಮಗು ಬೇರೆ ಹಾಸಿಗೆಯಲ್ಲಿ, ಆದರೆ ಹೆತ್ತವರ ಸಮೀಪದಲ್ಲೇ ಮಲಗಲಿ ಎಂದಿತು. ೨೦೧೬ರಲ್ಲಿ ಕಡೇಪಕ್ಷ ಆರು ತಿಂಗಳಾದರೂ ಹೆತ್ತವರ ಕೋಣೆಯಲ್ಲೇ ಇರಲಿ ಎಂದು ಸ್ಪಷ್ಟಪಡಿಸಿತು. ಅಜ್ಜಿ ಹೇಳಿದ್ದು ಬೇರೇನು?

ಹಾಗೆಂದು ಅಜ್ಜಿ ಹೇಳಿದ್ದೆಲ್ಲ ಸರಿಯೆಂದು ಬೀಗುವಂತಿಲ್ಲ. ತಲೆ ದುಂಡಗಾಗಲೆಂದು ಇಡುತ್ತಿದ್ದ ಸಾಸಿವೆ ದಿಂಬು, ಮೇಲೆ ಹೊದಿಸುತ್ತಿದ್ದ ದಪ್ಪ ಕೌದಿ, ಮುಚ್ಚಿದ ಕೋಣೆಯ ಹೊಗೆ, ಯಾವುದೂ ಹಸುಗೂಸಿಗೆ ಕ್ಷೇಮವಲ್ಲ. ಅಂಗಡಿಯಿಂದ ನಾವು ತಂದಿದ್ದ ಬಂಪರೂ ಅಷ್ಟೇ. ಅದಕ್ಕೆ ಮುಖ ಒತ್ತಿಕೊಂಡು ಮಕ್ಕಳು ಉಸಿರುಕಟ್ಟಿ ಸತ್ತದ್ದುಂಟು. ಅವುಗಳ ಮಾರಾಟವನ್ನು ೨೦೧೩ರಲ್ಲಿ ಮೊದಲು ನಿಷೇಧಿಸಿದ ರಾಜ್ಯ ನಮ್ಮ ಮೇರಿಲ್ಯಾಂಡ್. ೨೦೨೨ರಲ್ಲಿ ಇಡೀ ದೇಶಕ್ಕೇ ಕಾನೂನು ಬಂದಿತು.

ಇನ್ನು ನಮ್ಮ ಕ್ರಿಬ್. ಅದರ ಒಂದು ಬದಿ ಕೆಳಗೆ ಜಾರುತ್ತಿತ್ತು. ಬಗ್ಗಿ ಮಗುವನ್ನು ಎತ್ತಿಕೊಳ್ಳಲು ಎಷ್ಟು ಅನುಕೂಲವೆಂದು ಅದನ್ನೇ ಆರಿಸಿದ್ದೆವು. ಆದರೆ ಕೊಂಡಿ ಸವೆದರೆ ಆ ಬದಿ ಸ್ವಲ್ಪ ಕಳಚಿಕೊಂಡು, ಹಾಸಿಗೆಗೂ ಅದಕ್ಕೂ ನಡುವಿನ ಸಂದಿನಲ್ಲಿ ಮಗು ಸಿಕ್ಕಿಕೊಳ್ಳುತ್ತದೆ. ಬೆಥೆಸ್ಡಾದಲ್ಲಿ ಕಚೇರಿಯಿದ್ದ ಗ್ರಾಹಕ ಸುರಕ್ಷತಾ ಆಯೋಗವು ೨೦೦೦ದಿಂದ ಹತ್ತು ವರ್ಷಗಳಲ್ಲಿ ಹೀಗೆ ಸತ್ತ ಮಕ್ಕಳು ಕನಿಷ್ಠ ೩೨ ಎಂದು ಲೆಕ್ಕ ಹಾಕಿತು. ೨೦೧೧ರ ಜೂನ್ ೨೮ರಿಂದ ಅಂಥ ಕ್ರಿಬ್‌ಗಳನ್ನು ಮಾರುವಂತೆಯೇ ಇಲ್ಲ. ನಾವು ಐದು ಮಕ್ಕಳನ್ನು ಮಲಗಿಸಿದ್ದು ಅದರಲ್ಲಿ! ಅದನ್ನು ಓದಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುದಿನ ಸ್ಕ್ರೂಡ್ರೈವರ್ ಹಿಡಿದು ಕ್ರಿಬ್ಬನ್ನು ಬಿಚ್ಚಿ ಹಾಕಿದೆವು. ತಲೆಬದಿಯ ಹಲಗೆಯೊಂದನ್ನು ಮಾತ್ರ ಇಟ್ಟುಕೊಂಡು ಅಟ್ಲಾಂಟಕ್ಕೆ ಒಯ್ದೆವು. ಅಳಿಯಂದಿರು ಅದರಿಂದ ಒಂದು ಶೆಲ್ಫ್ ಮಾಡಿ ಗೋಡೆಗೆ ಭದ್ರವಾಗಿ ಬಿಗಿದಿದ್ದಾರೆ. ಮಗಳು ಚೆಂದವಾಗಿ ಸಿಂಗರಿಸಿದ ಮಗುವಿನ ಕೋಣೆಯಲ್ಲಿ ಆ ಶೆಲ್ಫ್, ನೆಲದ ಮೇಲೆ ಕೌದಿ, ಚನ್ನಪಟ್ಟಣದ ಗೊಂಬೆ ಎಲ್ಲವೂ ಇವೆ. ಇಲ್ಲದ್ದು ಮಗುವೊಂದೇ! ಅದು ಆರು ತಿಂಗಳು ಮಲಗಿದ್ದು ಅಮ್ಮನ ಮಂಚದ ಪಕ್ಕದಲ್ಲಿ, ದಿಂಬಿಲ್ಲದ, ಹೊದಿಕೆಯಿಲ್ಲದ ಬರಿಯ ಹೊಸ ಕ್ರಿಬ್ಬಿನಲ್ಲಿ, ಬೆನ್ನ ಮೇಲೆ. ನೋಡಲು ಅಜ್ಜಿ ಇರಬೇಕಿತ್ತು.

ನಿಮ್ಮ ಬೇಸ್‌ಮೆಂಟಿನಲ್ಲೂ ಅಂಥ ಕ್ರಿಬ್ ಇದ್ದರೆ ದಯವಿಟ್ಟು ಬಿಚ್ಚಿಬಿಡಿ, ಯಾರಿಗೂ ಕೊಡಬೇಡಿ. ಅದರಲ್ಲಿ ಮಲಗಿದ್ದ ಮಕ್ಕಳ ಕಥೆಯನ್ನು ಮಾತ್ರ ಬರೆದು ನಮಗೆ ಕಳಿಸಿ.