ಕತ್ತಿ ಮಸೆದ ಕೈಯ ತಂಬೂರಿ

ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ತನ್ನ ತಂಬೂರಿಗೆ ಒಂದು ಹೆಸರಿಟ್ಟಿದ್ದ: ಮೋತಿಖಾನ್. ಅವನ ಆನೆಯ ಹೆಸರು ಆತಶ್‌ಖಾನ್. ಅವನೇ ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಎರಡೂ ಬರುತ್ತವೆ. ಪ್ರಾಗ್ ನಗರದ ನಾಪ್ರಸ್ತೆಕ್ ವಸ್ತುಸಂಗ್ರಹಾಲಯದಲ್ಲಿ ಫರ್ರುಖ್ ಬೇಗ್ ಬರೆದ ಒಂದು ಚಿತ್ರವಿದೆ. ಅದರಲ್ಲಿ ಸುಲ್ತಾನ ಉದ್ದ ಕತ್ತಿನ ತಂಬೂರವನ್ನು ನುಡಿಸುತ್ತ ಕೂತಿದ್ದಾನೆ. ಅದು ಈಗಿನಂತೆ ಶ್ರುತಿಗಷ್ಟೇ ಮೀಟುವ ವಾದ್ಯವಲ್ಲ. ನುಡಿಸಿದವನ ಹೆಸರು ಗೊತ್ತಿದೆ, ಚಿತ್ರ ಬರೆದವನ ಹೆಸರು ಗೊತ್ತಿದೆ, ಮೋತಿಖಾನನ ಹೆಸರಂತೂ ಪುಸ್ತಕಕ್ಕೇ ಹತ್ತಿದೆ. ಮೋತಿಖಾನನನ್ನು ಮಾಡಿದ ಬಡಗಿಯ ಹೆಸರು ಮಾತ್ರ ನಮ್ಮವರೆಗೆ ಬಂದಿಲ್ಲ.

ಮೀರಜಿನ ಕಥೆಯನ್ನು ಇಲ್ಲಿಂದ ಶುರುಮಾಡಲು ಕಾರಣವಿದೆ. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಮೀರಜ್ ಒಂದು ಕಾಲಕ್ಕೆ ಇದೇ ಆದಿಲ್‌ಶಾಹಿಯ ಊರು. ಮನಗೂಳಿ, ಸಿಂದಗಿ, ಇಂಡಿ ಕಡೆಯ ಹಾಡುಗಾರರಿಗೆ ತಂಬೂರಿ ಎಂದರೆ ಇವತ್ತಿಗೂ ಮೀರಜ್ ತಂಬೂರಿಯೇ. ಸೀರೆಗೆ ಇಳಕಲ್ ಎಂದಂತೆ. ಅದರಾಚೆಗೆ ಅಂಗಡಿ ಯಾವುದು, ಕೈ ಯಾರದು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಮೀರಜಿನಲ್ಲಿ ಈ ಕಸುಬು ಸುಮಾರು 1850ರ ಹೊತ್ತಿಗೆ ಫರೀದಸಾಹೇಬ ಶಿಕಲಗಾರರಿಂದ ಆರಂಭವಾಯಿತು ಎನ್ನುತ್ತಾರೆ. ಶಿಕಲಗಾರ ಎಂದರೆ ಕತ್ತಿ ಮಸೆಯುವವ. ಇಂಗ್ಲಿಷರ ಆಡಳಿತ ಬಿಗಿಯಾದಂತೆ ಕತ್ತಿ, ಕಠಾರಿಗಳ ಕೆಲಸ ಇಳಿಯಿತು. ಆದರೆ ಮೀರಜ್ ಪಟವರ್ಧನರ ಸಂಸ್ಥಾನ, ಅಲ್ಲಿ ಸಂಗೀತಕ್ಕೆ ಆಸರೆಯಿತ್ತು. ಉತ್ತರದಿಂದ ಬಂದ ಗಾಯಕರ ಕೆಟ್ಟ ವಾದ್ಯಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಶಿಕಲಗಾರರು ಹೊಸದನ್ನೇ ಕಟ್ಟತೊಡಗಿದರು. ಮುಂದೆ ಅವರ ಮನೆತನದವರ ಅಡ್ಡಹೆಸರೇ ಸಿತಾರಮೇಕರ್ ಎಂದಾಯಿತು. ಅರ್ಧ ಪಾರಸಿ, ಅರ್ಧ ಇಂಗ್ಲಿಷ್! ಜಾತಿ ಕಸುಬಿನ ಹೆಸರು ಕಳಚಿ ಹೊಸ ಕಸುಬಿನ ಹೆಸರು ತೊಟ್ಟುಕೊಂಡ ಇಂಥ ಉದಾಹರಣೆ ನಮ್ಮ ಭಾಗದಲ್ಲಿ ಅಪರೂಪ.

ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಜರ್ಮನಿಯ ಮಾರ್ಕ್‌ನ್ಯೂಕಿರ್ಶೆನ್ ಎಂಬ ಊರಲ್ಲಿ ಇಂಥದೇ ಒಂದು ತಕರಾರು ನಡೆದಿತ್ತು. ಮರಗೆಲಸದವರು ಗಿಟಾರ್ ಮಾಡಕೂಡದು, ಅದು ನಮ್ಮ ಹಕ್ಕು ಎಂದು ಪಿಟೀಲು ತಯಾರಕರ ಸಂಘ ಪಟ್ಟು ಹಿಡಿದಿತ್ತು. ಬೇಸತ್ತ ಮರಗೆಲಸದ ಮನೆತನದ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ 1833ರಲ್ಲಿ ಅಮೆರಿಕೆಗೆ ಹೋದ. ಮಾರ್ಟಿನ್ ಗಿಟಾರ್ ಇಂದಿಗೂ ಅವನ ವಂಶದವರದೇ. ಆ ಕಂಪನಿ 1898ರಿಂದ ಪ್ರತಿ ಗಿಟಾರಿನ ಒಳಗೆ ಒಂದು ಕ್ರಮಸಂಖ್ಯೆ ಒತ್ತುತ್ತ ಬಂದಿದೆ. ಈ ಸಂಖ್ಯೆಯ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ತಂಬೂರಿಯ ಬುರುಡೆ. ಅದು ತಿನ್ನುವ ಸೋರೆಯಲ್ಲ, ಕಹಿ ಬಳ್ಳಿಯ ಕಾಯಿ. ಪಂಢರಪುರದ ಸುತ್ತ ಭೀಮಾ ತೀರದ ಹೊಲಗಳಲ್ಲಿ ವಾದ್ಯಕ್ಕೆಂದೇ ಬೆಳೆಯುತ್ತಾರೆ. ಅಲ್ಲಿಂದ ಕೆಳಗಿಳಿದು ನಮ್ಮ ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚು ಸವರಿಕೊಂಡು ಹೋಗುವ ನದಿಯೇ ಅದು. ಗಂಡು ದನಿಯ ದೊಡ್ಡ ತಂಬೂರಿಗೆ 50 ಇಂಚಿಗೂ ಹೆಚ್ಚು ಸುತ್ತಳತೆಯ ಕಾಯಿ ಬೇಕು. ಮಳೆ ಕೆಟ್ಟರೆ, ಹೊಳೆ ಉಕ್ಕಿ ಹೊಲ ಮುಳುಗಿದರೆ ಆ ವರ್ಷದ ತಂಬೂರಿಗಳೂ ಹೋದವು. ಒಣಗಿದ ಕಾಯಿಯನ್ನು ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡುತ್ತಾರೆ. ಒಂದು ಬದಿ ಕತ್ತರಿಸಿ, ಒಳಗೆ ಕಡ್ಡಿಗಳನ್ನು ಆನಿಸಿ, ಬೇಕಾದ ಆಕಾರಕ್ಕೆ ಹಿಗ್ಗಿಸಿ ಮತ್ತೆ ಒಣಗಿಸುತ್ತಾರೆ. ಮೇಲಿನ ಹಲಗೆಗೂ ಕತ್ತಿಗೂ ತೂನ್ ಮರ. ಅದು ಹಗುರ, ಕೆಂಪು, ನಾದವನ್ನು ತಡೆಯದ ಮರ. ಆಮೇಲೆ ಕೆತ್ತನೆ, ಅರಗಿನ ಹೊಳಪು. ನೋಡುವವರ ಕಣ್ಣು ನಿಲ್ಲುವುದು ಇಲ್ಲಿ. ಆದರೆ ವಾದ್ಯ ತಂಬೂರಿಯಾಗುವುದು ಇದರ ನಂತರ.

ತಂತಿಗಳು ಹಾಯುವ ಕುದುರೆಯ ಮೇಲ್ಮೈ ಚಪ್ಪಟೆಯೂ ಅಲ್ಲ, ಚೂಪೂ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಬರುವಂತೆ ಅದನ್ನು ಅರದಿಂದ ಉಜ್ಜುತ್ತಾರೆ. ತಂತಿಯ ಕೆಳಗೆ ಒಂದು ನೂಲೆಳೆ ಸೇರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗದಲ್ಲಿ ದನಿ ಥಟ್ಟನೆ ಅರಳಿ ಝೇಂಕಾರ ಹೊರಡುತ್ತದೆ. ಇದಕ್ಕೆ ಜವಾರಿ ಎನ್ನುತ್ತಾರೆ. (ನಮ್ಮಲ್ಲಿ ಜವಾರಿ ಕೋಳಿ, ಜವಾರಿ ಬದನೆಕಾಯಿ ಎಂದರೆ ನಾಟಿ ತಳಿ. ಆ ಶಬ್ದ ಬೇರೆ, ಈ ಶಬ್ದ ಬೇರೆ. ಆದರೂ ಕೇಳಿದಾಗಲೆಲ್ಲ ನನಗೆ ಎರಡೂ ಒಂದೇ ಅನಿಸುತ್ತದೆ.) ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಬಾಗು ಕುದುರೆಯನ್ನು ಪರೀಕ್ಷಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಸ್ವರಾಂಶ ಹುಟ್ಟಬಾರದು ಎಂದು ಯುರೋಪಿನ ಧ್ವನಿಶಾಸ್ತ್ರದ ನಿಯಮ ಹೇಳುತ್ತಿತ್ತೋ, ತಂಬೂರಿ ಮತ್ತು ವೀಣೆಗಳಲ್ಲಿ ಅದೇ ಸ್ವರಾಂಶ ಜೋರಾಗಿ ಕೇಳಿಸುತ್ತದೆ ಎಂದು ತೋರಿಸಿದರು. ಕತ್ತಿಯ ಅಲಗನ್ನು ಕೂದಲೆಳೆಯ ಲೆಕ್ಕದಲ್ಲಿ ಮಸೆಯುತ್ತಿದ್ದ ಮನೆತನಕ್ಕೆ ಈ ಕೆಲಸ ಒಲಿದದ್ದು ಆಶ್ಚರ್ಯವಲ್ಲ ಎಂಬುದು ನನ್ನ ಊಹೆ.

ಕೊಳ್ಳುವವರು ಬಾಗಿಲಲ್ಲೇ ಇದ್ದರು. ಮೀರಜಿನ ನೀಲಕಂಠಬುವಾ ಆಲೂರಮಠರ ಬಳಿ ಪಂಚಾಕ್ಷರಿ ಗವಾಯಿಗಳೂ ಮಲ್ಲಿಕಾರ್ಜುನ ಮನಸೂರರೂ ಕಲಿತರು. ಅಬ್ದುಲ್ ಕರೀಂ ಖಾನರು ಮೀರಜಿನಲ್ಲೇ ನೆಲೆಸಿದರು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ. ಕಿರಾಣಾದವರ ಗಾಯನ ನಿಂತದ್ದೇ ಸ್ವರದ ಹದದ ಮೇಲೆ. ತಂಬೂರಿ ಸರಿಯಿಲ್ಲದಿದ್ದರೆ ಅಲ್ಲಿ ಹಾಡೇ ಇಲ್ಲ. 1937ರಲ್ಲಿ ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕರೀಂ ಖಾನರು ತೀರಿಕೊಂಡರು. ಎದೆನೋವಿನ ನಡುವೆಯೂ ತಂಬೂರಿ ಶ್ರುತಿ ಮಾಡಿಸಿ ಹಾಡುತ್ತಲೇ ಕಣ್ಣುಮುಚ್ಚಿದರು ಎಂಬ ಕಥೆ ಶಿಷ್ಯಪರಂಪರೆಯಲ್ಲಿದೆ. ಸಮಾಧಿ ಮೀರಜಿನ ಮೀರಾಸಾಹೇಬ ದರ್ಗಾದಲ್ಲಿ. ಅಲ್ಲಿ ಪ್ರತಿ ವರ್ಷ ಅವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ.

ಇಳಿಗಾಲದ ಕಥೆ ಚಿಕ್ಕದು. ಸಂಸ್ಥಾನ 1948ರಲ್ಲಿ ವಿಲೀನವಾಯಿತು. ಮೂರು ದಶಕಗಳ ಬಳಿಕ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಂದರು. ಅದೊಂದು ಉಪಕಾರವೇ, ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಮೀಟುವ ಜೊತೆಗಾರ ಸಿಗುವುದಿಲ್ಲವಲ್ಲ. ಈಗ ಮೊಬೈಲಿನಲ್ಲಿ ಬಿಟ್ಟಿ ತಂಬೂರಿ. ಕಲಿಯುವ ಹುಡುಗನ ಮನೆಗೆ ಹೋಗುತ್ತಿದ್ದ ಮೊದಲ ವಾದ್ಯವನ್ನು ಮೀರಜ್ ಕಳೆದುಕೊಂಡದ್ದು ಹೀಗೆ.

2024ರಲ್ಲಿ ಮೀರಜಿನ ಸಿತಾರಿಗೂ ತಂಬೂರಿಗೂ ಬೇರೆಬೇರೆಯಾಗಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಬೇರೆಲ್ಲೋ ಮಾಡಿ ಮೀರಜ್ ಎಂದು ಮಾರುವುದಕ್ಕೆ ಕಾನೂನಿನ ತಡೆ ಬಂತು. ಪತ್ರಿಕೆಗಳು ಇದನ್ನು ಮರುಹುಟ್ಟು ಎಂದು ಕರೆದರೆ ನಾನು ಸ್ವಲ್ಪ ತಡೆಯುತ್ತೇನೆ. ಮಾರ್ಟಿನ್ ಕಂಪನಿ 1971ರಲ್ಲಿ 22 ಸಾವಿರ ಗಿಟಾರ್ ದಾಟಿದ್ದು 1982ಕ್ಕೆ ಸುಮಾರು 3 ಸಾವಿರಕ್ಕೆ ಕುಸಿದಿತ್ತು. ಮತ್ತೆ ಏಳಲು ನೆರವಾದದ್ದರಲ್ಲಿ ಒಂದು, 1992ರಲ್ಲಿ ಎರಿಕ್ ಕ್ಲಾಪ್ಟನ್ ಟಿವಿಯಲ್ಲಿ ನುಡಿಸಿದ ಹಳೆಯ ಮಾರ್ಟಿನ್. ಅದು 1939ರದ್ದು ಎಂದು ಜಗತ್ತಿಗೆ ಗೊತ್ತಾದದ್ದು ಒಳಗಿನ ಸಂಖ್ಯೆಯಿಂದ. ಹಾಗೆ ಗೊತ್ತಾದ ಮೇಲೆ ಹಳೆಯ ಮಾದರಿಗಳಿಗೆ ಬೇಡಿಕೆ ಬಂತು, ಕಂಪನಿ ಅವುಗಳನ್ನು ಮತ್ತೆ ಕಟ್ಟಿತು. ಮೀರಜಿನ ತಂಬೂರಿಯ ಮೇಲೆ ಹೆಚ್ಚೆಂದರೆ ಅಂಗಡಿಯ ಚೀಟಿಯಿರುತ್ತದೆ. ನಮ್ಮ ಹಿರಿಯ ಗಾಯಕರ ಹಿಂದೆ ಮೊಳಗಿದ ತಂಬೂರಿಗಳ ಧ್ವನಿಮುದ್ರಣಗಳು ನೂರಾರು ಗಂಟೆಯಷ್ಟಿವೆ. ಯಾವ ತಂಬೂರಿ, ಯಾವ ವರ್ಷದ್ದು, ಯಾರು ಜವಾರಿ ತೆಗೆದದ್ದು ಎಂದು ಕೇಳಿದರೆ ಇಡೀ ಗಾಯನಚರಿತ್ರೆ ಮೌನವಾಗುತ್ತದೆ. ಜಿಐ ಕಾಗದ ಊರಿನ ಹೆಸರನ್ನು ಕಾಯುತ್ತದೆ, ಕೈಯ ಹೆಸರನ್ನಲ್ಲ. ಭೀಮಾ ತೀರದಲ್ಲಿ ಬುರುಡೆ ಬೆಳೆಯುವವನಂತೂ ಆ ಹೆಸರಿನ ಹೊರಗೇ ಇದ್ದಾನೆ. ತಂಬೂರಿಯ ಒಳಗೆ ಮಾಡಿದವನ ಹೆಸರು, ಇಸವಿ, ಬುರುಡೆ ಬಂದ ಊರು ಬರೆದಿಡಲು ಒಂದು ಪೆನ್ಸಿಲ್ ಸಾಕು.

ಜವಾರಿ ಒಮ್ಮೆ ಮಾಡಿದರೆ ಮುಗಿಯುವ ಕೆಲಸವೂ ಅಲ್ಲ. ನುಡಿಸುತ್ತ ಹೋದಂತೆ ತಂತಿಗಳು ಕುದುರೆಯ ಮೇಲೆ ಗೀರು ಕೊರೆಯುತ್ತವೆ, ದನಿ ಮಂಕಾಗುತ್ತದೆ. ಆಗ ಹಾಡುಗಾರ ತಂಬೂರಿಗೆ ಗವಸು ತೊಡಿಸಿ, ರೈಲಿನಲ್ಲಿ ಹುಷಾರಾಗಿ ಇಟ್ಟುಕೊಂಡು ಮೀರಜಿಗೆ ಹೋಗಬೇಕು. ಅರ ಹಿಡಿದವನು ಒಂದೊಂದೇ ತಂತಿ ಮೀಟಿ, ಉಜ್ಜಿ, ಮತ್ತೆ ಮೀಟಿ ಕೇಳುತ್ತಾನೆ. ಹಾಡುಗಾರ ಎದುರಿಗೆ ಕೂತು ಕಾಯುತ್ತಾನೆ.