ಕಾಮನ್‌ಸೆನ್ಸ್ ಯಾರ ಸೊತ್ತು?

‘ಅಷ್ಟೂ ಕಾಮನ್‌ಸೆನ್ಸ್ ಬೇಡವೇ?’ ಬಸ್ಸಿನಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತಿದು. ಲೋಕಜ್ಞಾನ, ವ್ಯವಹಾರಜ್ಞಾನ, ವಿವೇಕ ಎಂದೆಲ್ಲ ಕನ್ನಡದಲ್ಲಿ ಹೇಳುವುದುಂಟು. ‘ಸಾಮಾನ್ಯ ಜ್ಞಾನ’ ಎಂದರೆ ಮಾತ್ರ ಸ್ಪರ್ಧಾತ್ಮಕ ಪರೀಕ್ಷೆ ನೆನಪಾಗುತ್ತದೆ! ಹೆಸರು ಯಾವುದೇ ಇರಲಿ, ಯಾರೂ ಹೇಳಿಕೊಡದೆ ಎಲ್ಲರಿಗೂ ತಿಳಿದಿರಬೇಕಾದದ್ದು ಎಂಬುದೇ ಇಂದಿನ ಅರ್ಥ.

ಮೊದಲು ಹೀಗಿರಲಿಲ್ಲ. ಸಕ್ಕರೆ ಬೆಳ್ಳಗಿದೆ ಎನ್ನುವುದು ಕಣ್ಣು, ಸಿಹಿ ಎನ್ನುವುದು ನಾಲಿಗೆ. ಎರಡೂ ಒಂದೇ ವಸ್ತುವಿನ ಗುಣ ಎಂದು ತಿಳಿಯುವುದು ಹೇಗೆ? ಇಂದ್ರಿಯಗಳ ಅನುಭವವನ್ನು ಒಂದುಗೂಡಿಸುವ ಈ ಶಕ್ತಿಯ ಬಗ್ಗೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಚಿಂತಿಸಿದ್ದ. ‘ಕಾಮನ್‌ಸೆನ್ಸ್’ ಪದದ ಮೂಲ ಅಲ್ಲಿದೆ. ಮುಂದೆ 1764ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ರೀಡ್, ಬದುಕು ಸಾಗಬೇಕಾದರೆ ಎಲ್ಲರೂ ಒಪ್ಪಿಕೊಳ್ಳಲೇಬೇಕಾದ ಮೂಲ ನಂಬಿಕೆಗಳಿಗೆ ಇದೇ ಹೆಸರು ಕೊಟ್ಟ.

ಆದರೆ ಈ ಪದವನ್ನು ಬೀದಿಯ ರಾಜಕೀಯಕ್ಕೆ ತಂದವನು ಥಾಮಸ್ ಪೇನ್. 1774ರ ಕೊನೆಯಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಫಿಲಡೆಲ್ಫಿಯಾಗೆ ಬಂದಿಳಿದ ಈತ ಬದುಕಿನಲ್ಲಿ ಸೋತಿದ್ದ ಮನುಷ್ಯ. 1775ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯದೊಡನೆ ಕದನ ಆರಂಭವಾದ ಮೇಲೂ ಅನೇಕ ಅಮೆರಿಕನ್ನರು ರಾಜನೊಡನೆ ರಾಜಿಯನ್ನೇ ಬಯಸುತ್ತಿದ್ದರು. ರಾಜನಿಲ್ಲದ ದೇಶ ಅವರ ಊಹೆಗೂ ಮೀರಿದ್ದು.

1776ರ ಜನವರಿ 10ರಂದು ಪೇನ್‌ನ ಪುಟ್ಟ ಪುಸ್ತಕ ಹೊರಬಂತು. ಅದರಲ್ಲಿ ಲೇಖಕನ ಹೆಸರಿರಲಿಲ್ಲ; ಶೀರ್ಷಿಕೆ ‘ಕಾಮನ್ ಸೆನ್ಸ್’. ಈ ಹೆಸರನ್ನು ಸೂಚಿಸಿದವರು ವೈದ್ಯ ಬೆಂಜಮಿನ್ ರಷ್. ದ್ವೀಪವೊಂದು ಖಂಡವನ್ನು ಆಳುವುದು ಸಹಜವೇ? ತಂದೆ ರಾಜನಾದ ಮಾತ್ರಕ್ಕೆ ಮಗ ಆಳಲು ಯೋಗ್ಯನೇ? ಪೇನ್ ಎತ್ತಿದ ಪ್ರಶ್ನೆಗಳು ಸಾಮಾನ್ಯ ಓದುಗನಿಗೂ ಅರ್ಥವಾಗುವಂತಿದ್ದವು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಆರು ತಿಂಗಳೊಳಗೆ, ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ದೊರೆಯಿತು. ಅದಕ್ಕೆ ಕಾರಣಗಳು ಹಲವು. ಆದರೂ ನಿನ್ನೆ ಅಸಂಬದ್ಧವೆನಿಸಿದ್ದು ಇಂದು ಸರಳ ಸತ್ಯವಾಗಿ ಕಾಣುವಂತೆ ಮಾಡಿದ್ದು ಆ ಪುಸ್ತಕದ ಸಾಧನೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಎಲ್ಲ ಮನುಷ್ಯರೂ ಸಮಾನರು ಎಂದು ಸಾರಿದ ಆ ದೇಶದಲ್ಲಿ ಗುಲಾಮಗಿರಿ ಸಂವಿಧಾನದ ಮೂಲಕ ರದ್ದಾದದ್ದು 1865ರಲ್ಲಿ. ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು ಸಂವಿಧಾನ ಹೇಳಿದ್ದು 1920ರಲ್ಲಿ. ಅಲ್ಲಿಯವರೆಗೆ ಅವರನ್ನು ಹೊರಗಿಡುವುದೂ ಬಹುಮಂದಿಗೆ ‘ಕಾಮನ್‌ಸೆನ್ಸ್’ ಆಗಿತ್ತು!

ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯಬಾರದೆಂಬ ತಿಳಿವಳಿಕೆ ಎಲ್ಲ ಕಾಲಕ್ಕೂ ಒಂದೇ. ಯಾರು ಆಳಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದು ಹಾಗಲ್ಲ. ‘ಇದು ಎಲ್ಲರಿಗೂ ಗೊತ್ತಿರುವ ವಿಷಯ’ ಎಂದು ಯಾರಾದರೂ ವಾದ ಮುಗಿಸಹೊರಟಾಗ, ಆ ‘ಎಲ್ಲರೂ’ ಯಾರು ಎಂದು ಕೇಳುವುದು ಒಳ್ಳೆಯದು.